ಕಡಲಾಮೆ ಬರುವ ದಂಡೆಯಲ್ಲಿ ಎರಡು ರಾತ್ರಿ: ಕಾಣಕೋಣದ ಟೆಂಟ್ ವಾಸಕ್ಕೆ ಸಿದ್ಧತೆ

ಮಡಗಾಂವ್, ವಾಸ್ಕೊ, ಪಣಜಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಚಳಿಗಾಲ ಬಂತೆಂದರೆ ಹುಬ್ಬಳ್ಳಿ, ಗದಗ, ವಿಜಯಪುರಗಳ ಕಡೆಯಿಂದ ನೆಂಟರು ಬರುವುದು ವಾಡಿಕೆ. ಅವರನ್ನು ಕಲಂಗುಟ್‌ನ ಜನಜಂಗುಳಿಗೆ ಕರೆದೊಯ್ಯುವುದಕ್ಕಿಂತ, ಗೋವಾದ ದಕ್ಷಿಣ ತುದಿಯ ಕಾಣಕೋಣ ತಾಲ್ಲೂಕಿನ ಟೆಂಟ್ ಶಿಬಿರದಲ್ಲಿ ವಾರಾಂತ್ಯ ಕಳೆಯುವುದು ಲೇಸು. ಅಲ್ಲಿನ ಆಗೊಂದ ಮತ್ತು ಗಾಲ್ಜಿಬಾಗ್ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹಾಗಾಗಿ ಶಿಬಿರವನ್ನು ಹಗಲಿನ ಫೋಟೊ ನೋಡಿ ಆರಿಸಬಾರದು. ಕತ್ತಲಾದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸಿ ಆರಿಸಬೇಕು.

ಆಮೆಗಳು ಮೊಟ್ಟೆಯಿಡುವುದು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ಮೊಟ್ಟೆಯೊಡೆದು ಮರಿಗಳು ಹೊರಬರಲು 45ರಿಂದ 60 ದಿನ ಹಿಡಿಯುತ್ತದೆ. ಆದ್ದರಿಂದ ಫೆಬ್ರುವರಿ ಮತ್ತು ಮಾರ್ಚ್ ತಿಂಗಳಲ್ಲಿ ತಾಯಿಯನ್ನಾಗಲಿ ಮರಿಗಳನ್ನಾಗಲಿ ಕಾಣುವ ಸಾಧ್ಯತೆ ಇರುತ್ತದೆ, ಖಾತರಿ ಮಾತ್ರ ಇಲ್ಲ. ಖಾತರಿ ಕೊಡುವ ಶಿಬಿರದವರನ್ನು ನಂಬಬೇಡಿ. ಮೇ ತಿಂಗಳ ಸೆಕೆಯಲ್ಲಿ ಟೆಂಟ್ ಒಳಗೆ ನಿದ್ರೆ ಬಾರದು, ಮಳೆಗಾಲದಲ್ಲಿ ಟೆಂಟ್‌ವಾಸದ ಮಾತೇ ಬೇಡ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆಯಿರಿ. ಕೊಂಕಣ ಕರಾವಳಿಯ ಮೀನುಗಾರರಲ್ಲಿ ಒಂದು ಹಳೆಯ ಲೆಕ್ಕವಿದೆ: ಅಂದಿನ ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತದ ಗಂಟೆ. ಶುಕ್ಲವೋ ಕೃಷ್ಣವೋ, ಅಷ್ಟಮಿಯಾದರೆ ಬೆಳಿಗ್ಗೆ ಮತ್ತು ಸಂಜೆ ಸುಮಾರು 6 ಗಂಟೆಗೆ, ದ್ವಾದಶಿಯಾದರೆ 9 ಗಂಟೆಗೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ 11 ಗಂಟೆ ದಾಟಿದ ಮೇಲೆ ನೀರು ತುಂಬುತ್ತದೆ. ಆರು ಗಂಟೆಗಳ ಬಳಿಕ ಇಳಿತ. ಇದು ಅಂದಾಜಿನ ಲೆಕ್ಕವೇ ಹೊರತು ದೋಣಿ ಹತ್ತುವವರಿಗೆ ಸಾಲದು, ಆದರೆ ಟೆಂಟ್ ಹಾಕುವವರಿಗೆ ಧಾರಾಳವಾಗಿ ಸಾಕು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತ ಎತ್ತರವಾಗಿರುತ್ತದೆ, ಇಳಿತವೂ ಆಳವಾಗಿರುತ್ತದೆ. ಸಂಜೆ 5 ಗಂಟೆಗೆ ಬಂದವರ ಕಣ್ಣಿಗೆ ಮೈದಾನದಷ್ಟು ಅಗಲದ ದಂಡೆ ಕಾಣುತ್ತದೆ. ಅಲ್ಲೇ ಗೂಟ ಹೊಡೆದವರ ಹಾಸಿಗೆಗೆ ನಡುರಾತ್ರಿಯ ಹೊತ್ತಿಗೆ ಸಮುದ್ರವೇ ಬರುತ್ತದೆ. ಒಣಗಿದ ಕಡಲಕಳೆ, ಕಟ್ಟಿಗೆ ಚೂರು, ಚಿಪ್ಪುಗಳು ಸಾಲಾಗಿ ಬಿದ್ದಿರುವ ಗೆರೆಯನ್ನು ಹುಡುಕಿ, ಅದರಿಂದ ಸಾಕಷ್ಟು ಮೇಲಕ್ಕೆ, ಮರಳಿನ ದಿಬ್ಬದ ಹಿಂದೆ ಟೆಂಟ್ ಇರಲಿ. ತೆಂಗಿನ ಮರದ ಕೆಳಗೆ ಬೇಡವೆಂದು ಬೇರೆ ಹೇಳಬೇಕಿಲ್ಲ. ಆದರೂ ನೆರಳಿನ ಆಸೆಗೆ ಅಲ್ಲೇ ಹಾಕಿಸಿಕೊಳ್ಳುವವರು ಇದ್ದಾರೆ. ಗಾಳಿಮರಗಳ ಸಾಲಿನ ಒಳಮಗ್ಗುಲು ವಾಸಿ.

ಮುಂಗಡ ಕೊಡುವ ಮೊದಲು ಶಿಬಿರದವರಿಗೆ ಫೋನ್ ಮಾಡಿ ಮೂರು ಸಂಗತಿ ಕೇಳಿ. ಸಮುದ್ರದ ಕಡೆಗೆ ಮುಖ ಮಾಡಿದ ದೀಪಗಳಿವೆಯೇ, ರಾತ್ರಿ ಅವುಗಳನ್ನು ಎಷ್ಟು ಗಂಟೆಗೆ ಆರಿಸುತ್ತಾರೆ? ಸ್ಪೀಕರ್ ಹಚ್ಚುತ್ತಾರೆಯೇ? ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಈ ಶಿಬಿರಗಳಲ್ಲಿ ಅಡುಗೆಗೂ ಕಾವಲಿಗೂ ಉತ್ತರ ಕರ್ನಾಟಕದ ಹುಡುಗರು ಇರುವುದುಂಟು. ಮಾಲೀಕರಿಗಿಂತ ಅವರನ್ನು ಕನ್ನಡದಲ್ಲಿ ಕೇಳಿದರೆ ನಿಜ ಸಂಗತಿ ಬೇಗ ತಿಳಿಯುತ್ತದೆ. ದೀಪದ ಪ್ರಶ್ನೆಗೆ ಕಾರಣವಿದೆ. ಗೂಡಿನಿಂದ ಹೊರಬಿದ್ದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕಿಗೆ ಹರಿಯುತ್ತವೆ. ಸಹಜವಾಗಿ ಅದು ಸಮುದ್ರದ ಅಂಚು, ಆದರೆ ಹಿಂದೆ ದೀಪ ಉರಿಯುತ್ತಿದ್ದರೆ ಅವು ಶಿಬಿರದತ್ತಲೇ ತಿರುಗಿ ನಾಯಿ, ಏಡಿಗಳ ಪಾಲಾಗುತ್ತವೆ.

ಸಾಮಾನು ಹೆಚ್ಚು ಬೇಡ. ತಲೆಗೆ ಕಟ್ಟುವ ಕೆಂಪು ಬೆಳಕಿನ ಟಾರ್ಚ್, ಹತ್ತಿಯ ಹೊದಿಕೆ, ಮುಚ್ಚಿದ ಬೂಟು, ಸೊಳ್ಳೆಗೆ ಹಚ್ಚುವ ಮುಲಾಮು ಇದ್ದರಾಯಿತು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟನ್ನು ನೆಂಟರು ತಂದೇ ತರುತ್ತಾರೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಟೆಂಟ್‌ನ ಹೊರಗೆ, ಶಿಬಿರದ ಅಡುಗೆಮನೆಯಲ್ಲಿಡಿ. ದಂಡೆಯ ಮೇಲೆ ಒಲೆ ಹೂಡುವುದಕ್ಕೂ ಮದ್ಯ ಕುಡಿಯುವುದಕ್ಕೂ 2019ರಿಂದ ಗೋವಾದಲ್ಲಿ ದಂಡವಿದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಜಿಪ್ ಮುಚ್ಚುವುದು, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳುವುದು ಮಕ್ಕಳಿಗೂ ರೂಢಿಯಾಗಲಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ.

ಇನ್ನು ರಾತ್ರಿ. ಆಮೆಗೂಡು ಕಾಯುವ ಕಾವಲಿನವರ ಅಥವಾ ಅರಣ್ಯ ಇಲಾಖೆಯವರ ಜೊತೆಯಿಲ್ಲದೆ ಆಮೆ ಹುಡುಕಿಕೊಂಡು ಅಲೆಯಬೇಡಿ. ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಎಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಪ್ರಾಣಿ. ನೀರಿನಿಂದ ಮೇಲೇರಿದ, ಎರಡು ಬದಿಯ ಈಜುಗಾಲಿನ ಗುರುತುಗಳು ಎದುರುಬದುರಾಗಿರದೆ ಹಿಂದೆಮುಂದೆ ಬಿದ್ದಿರುವ ಜಾಡು ಕಂಡರೆ ಅಲ್ಲೇ ನಿಲ್ಲಿ, ಅದನ್ನು ತುಳಿಯಬೇಡಿ. ಗೂಡನ್ನು ಗುರುತಿಸಲು ಕಾವಲಿನವರಿಗೆ ಆ ಜಾಡೇ ಆಧಾರ. ಆಮೆ ಮೇಲೆ ಬರುವಾಗ ಮತ್ತು ಗುಂಡಿ ತೋಡುವಾಗ ತುಸು ಬೆಳಕು, ಅಲುಗಾಟ ಕಂಡರೂ ಮೊಟ್ಟೆಯಿಡದೆ ಹಿಂದಿರುಗಿಬಿಡುತ್ತದೆ. ಮೊಟ್ಟೆಯಿಡತೊಡಗಿದ ಮೇಲೆ ಕಾವಲಿನವರು ಒಪ್ಪಿದರೆ ಹಿಂಬದಿಯಿಂದ, ದೂರದಲ್ಲಿ ಕುಳಿತು ನೋಡಬಹುದು. ಸುಮಾರು ನೂರು ಮೊಟ್ಟೆಯಿಟ್ಟು ಮರಳು ಎಳೆದು ಮುಚ್ಚಿದ ಮೇಲೆ ಅದು ಮೈಯನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತ ಚಿಪ್ಪಿನಿಂದ ನೆಲವನ್ನು ದಬದಬ ಬಡಿದು ಗಟ್ಟಿಮಾಡುತ್ತದೆ. ಆ ಸದ್ದು ಕತ್ತಲಲ್ಲೂ ಸ್ಪಷ್ಟವಾಗಿ ಕೇಳುತ್ತದೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದಂತೂ ಕೂಡದು. ಮರಿಗಳು ಸಿಕ್ಕರೆ ಕೈಯಲ್ಲೆತ್ತಿ ನೀರಿಗೆ ಬಿಡುವ ಉಪಕಾರವೂ ಬೇಡ, ಕಾವಲಿನವರಿಗೆ ತಿಳಿಸಿ.

ಹಗಲಿಗೆ ಇಷ್ಟು ಕಟ್ಟುಪಾಡಿಲ್ಲ. ಜೀವರಕ್ಷಕರಿರುವ ಕಡೆ ಮಾತ್ರ ನೀರಿಗಿಳಿಯಿರಿ, ಕೆಂಪು ಬಾವುಟ ಕಂಡರೆ ದಂಡೆಯಲ್ಲೇ ಇರಿ. ಗಾಲ್ಜಿಬಾಗ್ ಹೊಳೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹಕ್ಕಿಗಳು ಮೇಯಲು ಇಳಿಯುತ್ತವೆ, ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಾಣುವ ಅವಕಾಶವೂ ಇದೆ. ಭಾನುವಾರ ಬೆಳಿಗ್ಗೆ ಬೇಗ ಎದ್ದರೆ, 86 ಚದರ ಕಿಲೋಮೀಟರ್ ವಿಸ್ತಾರದ ಕೋಟಿಗಾವ್ ಅಭಯಾರಣ್ಯಕ್ಕೆ ಹೋಗಿ ಮಧ್ಯಾಹ್ನದೊಳಗೆ ಮರಳಬಹುದು. ಮುಸುವ, ಕೆಂದಳಿಲು ಕಂಡರೆ ಸಂತೋಷ, ಹುಲಿ ಚಿರತೆಯ ನಿರೀಕ್ಷೆಯಿಂದ ಹೋಗುವವರಿಗೆ ಅದು ತಕ್ಕ ಜಾಗವಲ್ಲ.

ಟೆಂಟ್ ಖಾಲಿ ಮಾಡುವಾಗ ಗೂಟ ಕಿತ್ತ ತೂತುಗಳನ್ನೂ ಮಕ್ಕಳು ಆಟಕ್ಕೆ ತೋಡಿದ ಗುಂಡಿಗಳನ್ನೂ ಕಾಲಿನಿಂದ ಮರಳು ತಳ್ಳಿ ಸಮಮಾಡಿ. ಅಂಗೈಗಿಂತ ಚಿಕ್ಕ ಮರಿ ಅದರೊಳಗೆ ಬಿದ್ದರೆ ಮೇಲೆ ಹತ್ತಲಾರದು.