ಟೆಂಪರರಿ ಬ್ರಿಡ್ಜ್ ಸರಿ ಕೂತಿಲ್ವಾ? ಹಲ್ಲು ಕಚ್ಕೊಂಡು ಸಹಿಸ್ಬೇಡಿ

ಹಲ್ಲಿಲ್ಲದ ಜಾಗ ತುಂಬಕ್ಕೆ ಅಕ್ಕಪಕ್ಕದ ಹಲ್ಲುಗಳ ಆಧಾರದ ಮೇಲೆ ಕೂರಿಸೋ ಕಟ್ಟಿದ ಹಲ್ಲೇ ಬ್ರಿಡ್ಜ್, ಪರ್ಮನೆಂಟ್ ಬ್ರಿಡ್ಜ್ ಲ್ಯಾಬಿಂದ ಬರೋವರೆಗೆ ಹಾಕೋದು ಟೆಂಪರರಿ. ಅದು ಸರಿ ಕೂರದಿದ್ರೂ "ಎರಡು ವಾರ ತಾನೇ, ಹೆಂಗೋ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಅಂತ ಸುಮ್ನಿರೋರೇ ಜಾಸ್ತಿ, ಆದ್ರೆ ಇದ್ರಲ್ಲಿ ಎಷ್ಟೋ ತೊಂದ್ರೆ ಡಾಕ್ಟ್ರ ಚೇರಲ್ಲಿ ಸ್ವಲ್ಪ ಹೊತ್ತಲ್ಲೇ ಸರಿಹೋಗೋವಂಥದ್ದು. ನೀವು ಮಾಡ್ಬೇಕಾಗಿರೋದು ಏನಂದ್ರೆ ನೋವು ಯಾವ ತರದ್ದು ಅಂತ ಗಮನಿಸಿ ಅದನ್ನೇ ಫೋನಲ್ಲಿ ಹೇಳೋದು, ಬರೀ "ನೋವು ಡಾಕ್ಟ್ರೇ" ಅಂದ್ರೆ ಅವ್ರು ಮಾತ್ರೆ ಹೇಳಿ ಇಟ್ಬಿಡ್ತಾರೆ.

ಬಾಯಿ ಮುಚ್ಚಿದಾಗ ಬ್ರಿಡ್ಜೇ ಮೊದ್ಲು ತಾಗತ್ತಾ? ಹಂಗಿದ್ರೆ ಅದು ಎತ್ತರ ಆಗಿದೆ. ಕೂರಿಸೋವಾಗ ಇಂಜೆಕ್ಷನ್ ಕೊಟ್ಟು ಅರ್ಧ ಬಾಯಿ ಮರಗಟ್ಟಿರತ್ತೆ, "ಕಚ್ಚಿ, ಸರಿಯಿದ್ಯಾ" ಅಂದ್ರೆ ಹೂಂ ಅಂತೀವಿ, ಜೋಮು ಇಳಿದು ರಾತ್ರಿ ಊಟಕ್ಕೆ ಕೂತಾಗ್ಲೇ ಗೊತ್ತಾಗೋದು. ಮತ್ತೆ ಹೋದ್ರೆ ಡಾಕ್ಟ್ರು ಬಣ್ಣದ ಕಾಗದ ಕಚ್ಚಿಸ್ತಾರೆ, ಗುರುತು ಗಾಢವಾಗಿ ಬಿದ್ದ ಜಾಗ ಉಜ್ಜಿ ಇಳಿಸ್ತಾರೆ, ಅಷ್ಟೇ. ಬಿಟ್ರೆ ಕೆಳಗಿನ ಹಲ್ಲೂ ನೋಯತ್ತೆ, ದವಡೆನೂ ಹಿಡ್ಕೊಳತ್ತೆ. ಮನೇಲಿ ನೇಲ್ ಫೈಲ್ ಹಿಡ್ಕೊಂಡು ನೀವೇ ಉಜ್ಜಕ್ಕೆ ಹೋಗ್ಬೇಡಿ ಮಾರಾಯ್ರೆ.

ತಣ್ಣೀರು ಕುಡಿದ್ರೆ ಚುಳ್ ಅನ್ನೋದು ಬೇರೆ ಕಥೆ. ಆಧಾರದ ಹಲ್ಲುಗಳ ಮೇಲ್ಪದರ ಉಜ್ಜಿರ್ತಾರಲ್ಲ, ಅಂಚು ಸರಿ ಮುಚ್ಚಿಲ್ಲ ಅಂದ್ರೆ ತಂಡಿ ನೇರ ಒಳಗೇ ಹೋಗತ್ತೆ. ವಸಡು ಕೆಂಪಾಗಿ ಊದಿ ಬ್ರಷ್ ಮಾಡಿದ್ರೆ ರಕ್ತ ಬರ್ತಿದ್ರೆ ಅಂಚು ಒತ್ತುತ್ತಿದೆ, ಇಲ್ಲಾ ಸಿಮೆಂಟ್ ಚೂರು ಸಿಕ್ಕಾಕೊಂಡಿದೆ. ನೋವು ಅಂತ ಅಲ್ಲಿ ಬ್ರಷ್ ಮಾಡೋದನ್ನ ಬಿಡ್ಬೇಡಿ, ಸಾಫ್ಟ್ ಬ್ರಷ್ ತಗೊಳ್ಳಿ, ಫ್ಲಾಸ್ ಹಾಕೋರು ದಾರಾನ ಮೇಲಕ್ಕೆ ಎಳೀದೆ ಪಕ್ಕಕ್ಕೆ ಎಳೀರಿ, ಇಲ್ಲಾಂದ್ರೆ ಬ್ರಿಡ್ಜೇ ಕಿತ್ಕೊಂಡು ಬರತ್ತೆ.

ಅಪಾಯಿಂಟ್ಮೆಂಟ್ ಸಿಗೋವರೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಊಟ ಆದ್ಮೇಲೆ ಮುಕ್ಕಳಿಸಿ. ಗಂಜಿ, ಮೊಸರನ್ನ, ಇಡ್ಲಿ ಆರಾಮಾಗಿ ತಿನ್ಬಹುದು, ಅಗಿಯೋದು ಮಾತ್ರ ಇನ್ನೊಂದು ಕಡೆ. ಕೋಡುಬಳೆ, ಚಿಕ್ಕಿ, ಅಂಟು ಮಿಠಾಯಿ ಸದ್ಯಕ್ಕೆ ಮರ್ತುಬಿಡಿ, ಟೆಂಪರರಿ ಅನ್ನೋದು ಸಾಮಾನ್ಯವಾಗಿ ಪ್ಲಾಸ್ಟಿಕ್ ಜಾತಿದು, ಸಿಮೆಂಟೂ ಬೇಕಂತಲೇ ಸುಲಭವಾಗಿ ಬಿಡೋವಂಥದ್ದೇ ಹಾಕಿರ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಕವರ್ ಮೇಲೆ ಬರ್ದಿರೋ ಪ್ರಮಾಣದಲ್ಲಿ ಸಾಕು, ಆದ್ರೆ ಲಿವರ್ ತೊಂದ್ರೆ ಇರೋರು ಕೇಳೇ ತಗೊಳ್ಳಿ. ಮಾತ್ರೆ ನುಂಗಬೇಕು, ವಸಡಿಗೆ ಒತ್ತಿ ಇಡಬಾರ್ದು, ಆಸ್ಪಿರಿನ್ ಇಟ್ರೆ ಅಲ್ಲೇ ಸುಡತ್ತೆ. ಅಜ್ಜಿ ಹೇಳಿದ್ರು ಅಂತ ಲವಂಗದೆಣ್ಣೆ ಹಾಗೇ ಸುರೀಬೇಡಿ, ಅದೂ ವಸಡು ಸುಡತ್ತೆ.

ಅಲುಗಾಡ್ತಿದ್ರೆ ಅಥ್ವಾ ಕಳಚಿ ಕೈಗೆ ಬಂದ್ರೆ ಫೆವಿಕ್ವಿಕ್ ಕಡೆ ಕಣ್ಣೂ ಹಾಯಿಸ್ಬೇಡಿ. ತೊಳ್ದು ಡಬ್ಬೀಲಿ ಇಡಿ, ಅವತ್ತೇ ಫೋನ್ ಮಾಡಿ. ಸಡಿಲ ಇರೋದನ್ನ ಬಾಯಲ್ಲಿಟ್ಕೊಂಡು ಮಲಗಿದ್ರೆ ನಿದ್ದೇಲಿ ಗಂಟಲಿಗೆ ಹೋಗೋ ಭಯ ಇದೆ. ಹಂಗಂತ ಡಬ್ಬೀಲೇ ವಾರಗಟ್ಲೆ ಬಿಡೋ ಹಾಗೂ ಇಲ್ಲ, ಅಕ್ಕಪಕ್ಕದ ಹಲ್ಲು ಜರುಗಿದ್ರೆ ಲ್ಯಾಬಿಂದ ಬರೋ ಪರ್ಮನೆಂಟ್ ಕೂರಲ್ಲ, ಮತ್ತೆ ಅಳತೆ.

ಬಿಸಿ ಕಾಫಿ ಕುಡಿದಾಗ ಶುರುವಾದ ನೋವು ಆಮೇಲೂ ನಿಲ್ದೇ ಮಿಡೀತಾ ಇದ್ರೆ, ರಾತ್ರಿ ಎಬ್ಬಿಸ್ತಿದ್ರೆ ಒಳಗಿನ ನರಕ್ಕೇ ಪೆಟ್ಟಾಗಿರಬಹುದು, ರೂಟ್ ಕೆನಾಲ್ ಮಾತು ಬರತ್ತೆ. ಕೆನ್ನೆ ಊದೋದು, ಕೀವು, ಜ್ವರ ಇದ್ರೆ ಅವತ್ತೇ ತೋರಿಸಿ. ಬಾಯಿ ತೆರೆಯಕ್ಕೆ, ನುಂಗಕ್ಕೆ, ಉಸಿರಾಡಕ್ಕೆ ಕಷ್ಟ ಆಗ್ತಿದ್ರೆ ಡೆಂಟಲ್ ಕ್ಲಿನಿಕ್ ತೆರೆಯೋವರೆಗೆ ಕಾಯ್ಬೇಡಿ, ಸೀದಾ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.