ಮೈಸೂರಿನ ಮನೆಯಲ್ಲಿ ಉಪ್ಪು ನೀರಿನ ಅಕ್ವೇರಿಯಂ: ಮೊದಲು ನೀರು, ಆಮೇಲೆ ಮೀನು

ಮೈಸೂರಿನಲ್ಲಿ ಸಮುದ್ರದ ಮೀನು ಸಾಕ್ತೀನಿ ಅಂದರೆ ಎಲ್ಲರೂ ಮೊದಲು ಕೇಳುವುದು ನೀರಿನ ವಿಷಯವನ್ನೇ. ನಮ್ಮಮ್ಮನೂ ಅದನ್ನೇ ಕೇಳಿದರು. "ಅಲ್ಲ ಕಣೋ, ಮಂಗಳೂರಿಂದ ಡ್ರಮ್ಮಲ್ಲಿ ನೀರು ಹೊತ್ಕೊಂಡು ಬರ್ತೀಯಾ?"

ಹೊತ್ತು ತರಬೇಕಾಗಿಲ್ಲ. ತರದೇ ಇರುವುದೇ ಒಳ್ಳೆಯದು. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರಿನ ಕೊಳಚೆ ಎಲ್ಲಾ ಸೇರಿರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ತುಂಬಿ ಹರಿದಾಗ ಮಂಗಳೂರಿನ ದಡದಲ್ಲಿ ಉಪ್ಪಿನಂಶವೇ ಇಳಿದುಹೋಗುತ್ತದೆ. ಮನೆಯಲ್ಲೇ ಮಾಡಿಕೊಂಡ ನೀರಿನಲ್ಲಿ ಏನಿದೆ, ಎಷ್ಟಿದೆ ಅಂತ ನಮಗೆ ಗೊತ್ತಿರುತ್ತದೆ.

ಉಪ್ಪು ನೀರಿನ ತೊಟ್ಟಿ ಕಷ್ಟದ ಕೆಲಸವಲ್ಲ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಹಾಗಾಗಿ ಶುರು ಮಾಡುವ ಮುಂಚೆಯೇ ಎರಡು ವಿಷಯ ಗಟ್ಟಿ ಮಾಡಿಕೊಂಡೆ. ನೀರು ಪೂರ್ತಿ ತಯಾರಾಗುವ ತನಕ ಒಂದು ಮೀನೂ ತರುವುದಿಲ್ಲ. ಹವಳದ ದಿಬ್ಬದಿಂದ ಕಿತ್ತು ತಂದದ್ದು ಯಾವುದೂ ನಮ್ಮ ಮನೆಗೆ ಬರುವುದಿಲ್ಲ.

ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದರೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಹೊಸಬರು ಚಿಕ್ಕದು ಸುಲಭ ಅಂದುಕೊಳ್ಳುತ್ತಾರೆ. ಇಲ್ಲಿ ಅದು ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಬಿಸಿ ಬೇಗ ಏರುತ್ತದೆ, ಉಪ್ಪು ಬೇಗ ಜಾಸ್ತಿಯಾಗುತ್ತದೆ, ಕೊಳಕು ಬೇಗ ಸೇರುತ್ತದೆ. ಗಾಜು 10 ಮಿ.ಮೀ. ಹಾಕಿಸಿದೆ. ನೀರು, ಗಾಜು, ಕಲ್ಲು ಎಲ್ಲಾ ಸೇರಿ ಭಾರ ಕಾಲು ಟನ್ ಮುಟ್ಟುತ್ತದೆ. ಕಬ್ಬಿಣದ ಸ್ಟ್ಯಾಂಡ್ ಬೇಡವೇ ಬೇಡ, ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಹಾಲ್‌ನ ಗೋಡೆಗೆ ಒತ್ತಿ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿಸಿದೆ. ಮೇಸ್ತ್ರಿ ರಸಮಟ್ಟ ಇಟ್ಟು ನೋಡಿ ಸರಿ ಅಂದ ಮೇಲೆ ಥರ್ಮಾಕೋಲ್ ಹಾಳೆ ಹಾಕಿ ತೊಟ್ಟಿ ಕೂರಿಸಿದೆವು.

ಇನ್ನು ನೀರು. ನಲ್ಲಿಯಲ್ಲಿ ಬರುವ ಕಾವೇರಿ ನೀರು ನಮಗೆ ಅಮೃತ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಜೊತೆಗೆ ಪಾಚಿಗೆ ಗೊಬ್ಬರವಾಗುವಂಥ ಲವಣಗಳೂ ಇರಬಹುದು. ಬೋರ್‌ವೆಲ್ ನೀರಂತೂ ಗಡಸು. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಕುಡಿಯಲು ರುಚಿ ಬರಲಿ ಅಂತ ಅಂಥ ಎಷ್ಟೋ ಯಂತ್ರಗಳು ಲವಣವನ್ನು ಮತ್ತೆ ಬೆರೆಸುತ್ತವೆ. ಅದಕ್ಕೇ ಬೇರೆ ಆರ್‌ಒ ಘಟಕ ತಂದು, ಅದರಿಂದ ನೀರು ಹೊರಬರುವ ಕಡೆ ಡಿಐ ರೆಸಿನ್ ಕೊಳವೆ (ಉಳಿದ ಲವಣವನ್ನೂ ಹೀರಿಕೊಳ್ಳುವ ಹರಳುಗಳಿರುವುದು) ಜೋಡಿಸಿಕೊಂಡೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಅಂಕಿ ಮೇಲೇರತೊಡಗಿದರೆ ರೆಸಿನ್ ಮುಗಿಯಿತು ಅಂತ ಅರ್ಥ. ಆರ್‌ಒ ಹೊರಹಾಕುವ ನೀರನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಅದು ಬಕೆಟ್‌ನಲ್ಲಿ ತುಂಬಿ ಅಂಗಳ ತೊಳೆಯಲು, ನೆಲ ಒರೆಸಲು ಹೋಗುತ್ತದೆ.

ಅಡುಗೆಯ ಉಪ್ಪು ನಡೆಯುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸೋಡಿಯಂ, ಕ್ಲೋರೈಡ್ ನಿಜ. ಆದರೆ ಲೀಟರಿಗೆ 1300 ಮಿಲಿಗ್ರಾಂನಷ್ಟು ಮೆಗ್ನೀಸಿಯಂ, 400ರಷ್ಟು ಕ್ಯಾಲ್ಸಿಯಂ, ಜೊತೆಗೆ ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಕೂಡ ಇರುತ್ತವೆ. ಇವೆಲ್ಲ ಸರಿಯಾದ ಅಳತೆಯಲ್ಲಿರುವ ಮರೀನ್ ಸಾಲ್ಟ್ ಮಿಕ್ಸ್ ಡಬ್ಬಿಯಲ್ಲಿ, ಚೀಲದಲ್ಲಿ ಸಿಗುತ್ತದೆ. ನನ್ನ ತೊಟ್ಟಿಗೆ ಮೊದಲ ಸಲ ಆರು ಕೆಜಿ ಹತ್ತಿರ ಬೇಕಾಯಿತು.

ಬೆರೆಸುವುದಕ್ಕೂ ಒಂದು ಕ್ರಮ ಇದೆ. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ಸಾಂದ್ರತೆ ವಿಪರೀತವಾಗಿ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಒಳಗೆ ಒಂದು ಚಿಕ್ಕ ಪಂಪ್ ಬಿಟ್ಟು, ನೀರು ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತೇನೆ. ಮೊದಲು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರುತ್ತದೆ. ರಾತ್ರಿ ಪಂಪ್ ಓಡಿಸಿಟ್ಟರೆ ಬೆಳಿಗ್ಗೆ ಡ್ರಮ್ಮಿನ ತಳ ಕಾಣಿಸುತ್ತದೆ. ಆಮೇಲೆ ಉಪ್ಪಿನಂಶದ ಅಳತೆ. ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ನಾನು ರಿಫ್ರ್ಯಾಕ್ಟೋಮೀಟರನ್ನೇ ನಂಬುತ್ತೇನೆ. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಬಿಳಿ ಸೇರುವ ಗೆರೆ 35ರ (ಸಾವಿರ ಪಾಲಿಗೆ 35 ಪಾಲು ಉಪ್ಪು) ಗುರುತಿಗೆ ಸರಿಯಾಗಿ, ಅಂದರೆ ವಿಶಿಷ್ಟ ಸಾಂದ್ರತೆ 1.026ರ ಹತ್ತಿರ ಇರಬೇಕು. ಸಾಧನ ಸರಿ ಇದೆಯಾ ಅಂತ ಆಗಾಗ 35ರ ಪ್ರಮಾಣಿತ ದ್ರಾವಣ ಹಾಕಿ ನೋಡಬೇಕು. ಬರೀ ಶುದ್ಧ ನೀರಿನಲ್ಲಿ ಸೊನ್ನೆ ತೋರಿಸಿತು ಅಂದ ಮಾತ್ರಕ್ಕೆ 35ರಲ್ಲೂ ಸರಿ ತೋರಿಸುತ್ತದೆ ಅಂತಲ್ಲ.

ಕಲ್ಲಿನ ವಿಷಯ ಸ್ವಲ್ಪ ಒತ್ತಿ ಹೇಳಬೇಕು. ಹೊರದೇಶದ ವಿಡಿಯೊಗಳಲ್ಲಿ ಲೈವ್ ರಾಕ್ (ಸಮುದ್ರದಿಂದ ಜೀವಸಮೇತ ತೆಗೆದ ಕಲ್ಲು) ತನ್ನಿ, ಹವಳ ತನ್ನಿ ಅಂತ ಸಲೀಸಾಗಿ ಹೇಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿಗೆ 2001ರಲ್ಲಿ ಗಟ್ಟಿ ಹವಳಗಳು, ಸಮುದ್ರಕುದುರೆ, ಸಮುದ್ರ ಸೌತೆಗಳನ್ನು ಸೇರಿಸಿದ್ದಾರೆ. ಹುಲಿ ಇದ್ದ ಪಟ್ಟಿಗೇ ಆಗ ಅವೂ ಸೇರಿದವು. ಒಣಗಿದ ಹವಳದ ತುಂಡನ್ನು ಸುಮ್ನೆ ಅಲಂಕಾರಕ್ಕೆ ಇಡುತ್ತೇನೆ ಅಂದರೂ ಅದು ಅಪರಾಧವೇ. ಕಾನೂನು ಇಲ್ಲದಿದ್ದರೂ ನಾನು ತರುತ್ತಿರಲಿಲ್ಲ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದವರಿಗೆ ಗೊತ್ತು, ಆ ಬಂಡೆ ಸಂದಿಗಳಲ್ಲಿ ಎಷ್ಟು ಜೀವ ತುಂಬಿಕೊಂಡಿದೆ ಅಂತ. ಅದನ್ನು ನೋಡಿ ಖುಷಿಪಟ್ಟವರು ಅದನ್ನೇ ಕಿತ್ತು ಮನೆಗೆ ತರುವುದಾದರೂ ಹೇಗೆ? ಆದ್ದರಿಂದ ನಾನು ಕೊಂಡದ್ದು ಸಮುದ್ರದಿಂದ ಬಾರದ, ತಯಾರಿಸಿದ ರಂಧ್ರಗಳ ಕಲ್ಲು. ಅಂಗಡಿಯವರು "ಸರ್, ಒರಿಜಿನಲ್ ಪೀಸ್ ಇದೆ, ಕೊಡ್ಲಾ?" ಅಂದರೆ ಬೇಡ ಅಂತ ನೇರವಾಗಿ ಹೇಳಿ. ಮರಳು ಅರಗೊನೈಟ್, ಅಂದರೆ ಸುಣ್ಣದಂಶದ ಖನಿಜದ್ದು, ಒಂದಂಗುಲ ದಪ್ಪ ಹರಡಿದೆ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಕೂರಿಸಿ ಆಮೇಲೆ ಮರಳು ಹಾಕಬೇಕು, ಇಲ್ಲದಿದ್ದರೆ ಮರಳು ಕೆದಕುವ ಮೀನು ಕಲ್ಲನ್ನು ಉರುಳಿಸುತ್ತದೆ.

ಸಲಕರಣೆ ಜಾಸ್ತಿ ಇಲ್ಲ. ನೀರನ್ನು ಅಲೆಯ ಹಾಗೆ ಓಡಿಸುವ ಒಂದು ವೇವ್‌ಮೇಕರ್, ಹಿಂಬದಿಗೆ ನೇತುಹಾಕುವ ಪ್ರೋಟೀನ್ ಸ್ಕಿಮ್ಮರ್, 200 ವ್ಯಾಟ್ ಹೀಟರ್, ಟೈಮರ್ ಇರುವ ಸಾಧಾರಣ ಎಲ್‌ಇಡಿ. ಸ್ಕಿಮ್ಮರ್ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ಕರಗಿದ ಕೊಳೆಯನ್ನು ನೊರೆಯಾಗಿ ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಆ ಬಟ್ಟಲಿನ ಕಂದು ನೀರಿನ ವಾಸನೆ ನೋಡಿದರೆ ಇದು ತೊಟ್ಟಿಯಲ್ಲೇ ಉಳಿದಿದ್ದರೆ ಏನು ಗತಿ ಅನ್ನಿಸುತ್ತದೆ. ಕರೆಂಟಿನ ವಿಷಯದಲ್ಲಿ ಚೌಕಾಸಿ ಬೇಡ. ಉಪ್ಪು ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಗೆ ಜೋಲು ಬಿಟ್ಟು ಮೇಲಕ್ಕೆ ಒಯ್ಯಿರಿ, ಹನಿ ಜಾರಿದರೂ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಎಲ್ಲಾ ಓಡತೊಡಗಿದ ಮೇಲೆ ಬರುವುದು ಕಾಯುವ ಕೆಲಸ. ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸಿದ ಭಾಗ ಇದೇ. ಮೀನಿನ ಹೊಲಸು, ಉಳಿದ ಆಹಾರ ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೇನೂ ಅಪಾಯವಲ್ಲ, ನೀರು ಬದಲಿಸಿದರೆ ತಗ್ಗುತ್ತದೆ. ಈ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಉಪ್ಪು ನೀರಿನ ಪಿಎಚ್ 8.1ರಿಂದ 8.4 ಇರುವುದರಿಂದ ಅಮೋನಿಯಾ ಇಲ್ಲಿ ಸಿಹಿ ನೀರಿಗಿಂತ ಹೆಚ್ಚು ವಿಷ.

ಗಟ್ಟಿ ಜೀವದ ಡ್ಯಾಮ್ಸೆಲ್ ಮೀನೊಂದನ್ನು ಬಿಟ್ಟು ಈ ಚಕ್ರ ಶುರು ಮಾಡಿ ಅಂತ ಈಗಲೂ ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮೀನು ಬದುಕಿದರೂ ಕಿವಿರು ಸುಟ್ಟುಕೊಂಡೇ ಬದುಕುತ್ತದೆ. ನಾನು ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಸುರಿದು, ಅವಕ್ಕೆ ಊಟವಾಗಿ ಅಮೋನಿಯಂ ಕ್ಲೋರೈಡ್ ಹಾಕಿದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ವಸ್ತು. ಆದರೆ ಅದರಲ್ಲಿ ಕಲಬೆರಕೆ ಇರಬಹುದು, ಪ್ರಯೋಗಾಲಯದ ದರ್ಜೆಯದೇ ತನ್ನಿ. ಅಮೋನಿಯಾ ಅಂಶ 2 ಪಿಪಿಎಂ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ಬರುವಷ್ಟು ಹಾಕಿದರೆ ಸಾಕು.

ಆಮೇಲೆ ಕಿಟಕಿ ಪಕ್ಕ ಟೆಸ್ಟ್ ಕಿಟ್ ಹಿಡಿದು ನಿಲ್ಲುವುದು. ಐದು ಮಿಲಿ ನೀರು, ಲೆಕ್ಕದ ಹನಿಗಳು, ಕುಲುಕಿ ಐದು ನಿಮಿಷ ಬಿಟ್ಟು, ಬಿಳಿ ಕಾಗದದ ಮುಂದೆ ಹಿಡಿದು ನೋಡುವುದು. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಹಗಲು ಬೆಳಕೇ ಬೇಕು. ಶುರುವಿನಲ್ಲಿ ಅಮೋನಿಯಾ ಟ್ಯೂಬ್ ಹಸಿರು. ಸುಮಾರು ದಿನ ಏನೂ ಆಗುವುದಿಲ್ಲ. ಒಂದು ದಿನ ಹಸಿರು ತೆಳುವಾಗುತ್ತದೆ, ಅದೇ ಹೊತ್ತಿಗೆ ನೈಟ್ರೈಟ್ ಟ್ಯೂಬ್ ತಿಳಿ ನೀಲಿಯಿಂದ ನೇರಳೆಗೆ ಹೋಗುತ್ತದೆ. ಆ ನೇರಳೆ ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಣ್ಣಿಗೆ ಕಾಣದ ಜೀವಗಳು ಕಲ್ಲಿನೊಳಗೆ ಕೆಲಸಕ್ಕೆ ಇಳಿದಿವೆ ಅಂತ ಅದೇ ಸಾಕ್ಷಿ. ಕೊನೆಗೆ 2 ಪಿಪಿಎಂ ಹಾಕಿದರೂ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ತಯಾರು. ಈ ನಡುವೆ ಮರಳಿನ ಮೇಲೆ ಕಂದು ಬಣ್ಣದ ಪೊರೆ ಬರುತ್ತದೆ. ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ಗಾಬರಿ ಬೇಡ, ತಾನಾಗೇ ಹೋಗುತ್ತದೆ. ಆ ಸಮಯದಲ್ಲಿ ದೀಪದ ಅವಧಿ ಕಡಿಮೆ ಇಡಿ.

ಮೊದಲ ಮೀನು ಯಾವುದು ಅಂತ ನನಗೆ ಅನುಮಾನವೇ ಇರಲಿಲ್ಲ. ಒಸೆಲ್ಲಾರಿಸ್ ಕ್ಲೌನ್‌ಫಿಶ್, ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಪುಟ್ಟ ಮೀನು. ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುತ್ತಾರೆ. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿದೆ. ಹ್ಯಾಚರಿ ಮೀನು ಗುಳಿಗೆ ಆಹಾರ ತಿಂದು ಬೆಳೆದಿರುತ್ತದೆ, ತೊಟ್ಟಿಗೆ ಬೇಗ ಹೊಂದುತ್ತದೆ. ಇವು ಮೊದಲು ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದಾದದ್ದು, ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿಕೊಂಡರೆ ಜಗಳ ಕಡಿಮೆ. ಸಮುದ್ರದಲ್ಲಿ ಅವು ಆಸರೆ ಪಡೆಯುವ ಅನಿಮೋನಿ ಅನ್ನುವ ಹೂವಿನಂಥ ಜೀವಿ ತೊಟ್ಟಿಯಲ್ಲಿ ಇರಲೇಬೇಕು ಅಂತೇನಿಲ್ಲ.

ಅಂಗಡಿಯಲ್ಲಿ ಎರಡು ವಿಷಯ ಕೇಳಿ: ಹ್ಯಾಚರಿಯದೋ ಸಮುದ್ರದಿಂದ ಹಿಡಿದದ್ದೋ, ನೀರಿನ ಉಪ್ಪಿನಂಶ ಎಷ್ಟು. ನಿಮ್ಮೆದುರೇ ಆಹಾರ ಹಾಕಿಸಿ, ತಿನ್ನದ ಮೀನು ಕೊಳ್ಳಬೇಡಿ. ಉಪ್ಪಿನಂಶ ಕೇಳುವುದಕ್ಕೆ ಕಾರಣ ಇದೆ. ಪ್ರಯಾಣದಲ್ಲಿ ಚೀಲದೊಳಗೆ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಹಾಗಾಗಿ ಸೇರಿದ ಅಮೋನಿಯಾ ಹೆಚ್ಚು ಕಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಅದಕ್ಕೇ ದೂರದಿಂದ ಬಂದ ಮೀನಿಗೆ ಹೊಸ ನೀರಿಗೆ ಒಗ್ಗಲಿ ಅಂತ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುವ ಪದ್ಧತಿ ನಾನು ಅನುಸರಿಸುವುದಿಲ್ಲ. ಮೀನು ಬರುವ ಮೊದಲೇ ಅಂಗಡಿಯಷ್ಟೇ ಉಪ್ಪಿನ ನೀರು ತಯಾರಿಟ್ಟು, ಚೀಲವನ್ನು ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿ ತಕ್ಷಣ ಮೀನನ್ನು ಮಾತ್ರ ಒಳಗೆ ಬಿಡುತ್ತೇನೆ.

ಒಳಗೆ ಅಂದರೆ ದೊಡ್ಡ ತೊಟ್ಟಿಗಲ್ಲ. ಎರಡಡಿಯ ಬೇರೆ ತೊಟ್ಟಿಗೆ. ಮರಳಿಲ್ಲ, ಕಲ್ಲಿಲ್ಲ, ಅಡಗಲು ಪಿವಿಸಿ ಪೈಪಿನ ತುಂಡು, ಬ್ಯಾಕ್ಟೀರಿಯಾ ಕೂತ ಒಂದು ಸ್ಪಂಜ್ ಫಿಲ್ಟರ್, ಅಷ್ಟೇ. ರೋಗ ಇದೆಯಾ ಅಂತ ನೋಡಲು ಅಲ್ಲಿ ಕನಿಷ್ಠ ನಾಲ್ಕು ವಾರ. ಬಿಳಿ ಚುಕ್ಕೆ ರೋಗ, ವೆಲ್ವೆಟ್ ರೋಗ ಎರಡಕ್ಕೂ ಅಲ್ಲೇ ತಾಮ್ರದ ಔಷಧಿ ಕೊಡಬಹುದು. ಅದನ್ನು ದೊಡ್ಡ ತೊಟ್ಟಿಗೆ ಹಾಕಿದರೆ ಬಸವನಹುಳು, ಸಿಗಡಿ ಉಳಿಯುವುದಿಲ್ಲ. ರೋಗ ದೊಡ್ಡ ತೊಟ್ಟಿ ಹೊಕ್ಕರೆ ಮೀನೆಲ್ಲ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ.

ಮೈಸೂರಿನ ಹವೆ ಈ ಹವ್ಯಾಸಕ್ಕೆ ಒಳ್ಳೆಯದು. ನೀರು 25-26 ಡಿಗ್ರಿ ಇರಬೇಕು. ಚಳಿಗಾಲದ ರಾತ್ರಿಗೆ ಹೀಟರ್ ಸಾಕು. ಏಪ್ರಿಲ್‌ನಲ್ಲಿ ಮಾತ್ರ ತೊಟ್ಟಿ 29 ದಾಟಲು ನೋಡುತ್ತದೆ. ಚಿಲ್ಲರ್ ಕೊಳ್ಳುವ ಮುಂಚೆ ನೀರಿನ ಮೇಲೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಇಟ್ಟು ನೋಡಿ. ನಮ್ಮಲ್ಲಿ ಬೇಸಿಗೆ ಒಣ ಹವೆ ಇರುವುದರಿಂದ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಇಷ್ಟು ಇಳಿಯುವುದಿಲ್ಲ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಗಾಜಿನ ಮೇಲೆ ಟೇಪಿನ ಗುರುತು ಅಂಟಿಸಿ, ದಿನಾ ಅಲ್ಲಿಯವರೆಗೆ ಉಪ್ಪಿಲ್ಲದ ಆರ್‌ಒ ನೀರು ತುಂಬಬೇಕು.

ನಮ್ಮ ಮನೆಗಳಿಗೇ ಸೇರಿದ ಇನ್ನೊಂದು ವಿಷಯ ಹೊಗೆ. ಸ್ಕಿಮ್ಮರ್ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬೆರೆಸುತ್ತದೆ. ಸಾಂಬ್ರಾಣಿ, ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಎಲ್ಲವೂ ಅದರೊಂದಿಗೇ ಹೋಗುತ್ತವೆ. ಸೊಳ್ಳೆ ಔಷಧಿಯ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ವಿಷ. ಹಾಲ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸಿ ಕಿಟಕಿಗೆ ಜಾಲರಿ ಹಾಕಿಸಿದೆವು, ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯ ಹೊರಗೆ ಬಿಟ್ಟೆವು. ಅಮ್ಮ ಶುಕ್ರವಾರದ ಸಾಂಬ್ರಾಣಿಯನ್ನು ದೇವರ ಕೋಣೆಯೊಳಗೇ ಹಾಕಿ ಬಾಗಿಲು ಮುಂದೆ ಮಾಡುತ್ತಾರೆ.

ಕರೆಂಟ್ ಹೋದರೆ ಮೊದಲು ಕಡಿಮೆಯಾಗುವುದು ಆಮ್ಲಜನಕ. ವೇವ್‌ಮೇಕರನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೇನೆ, ಕರೆಂಟ್ ಹೋದ ಕೂಡಲೇ ತಾನೇ ಓಡುವ ಬ್ಯಾಟರಿ ಏರ್ ಪಂಪ್ ಒಂದು ಜೊತೆಗಿದೆ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತೇನೆ, ಅಂದರೆ 15 ಲೀಟರ್. ಹಿಂದಿನ ರಾತ್ರಿ ಡ್ರಮ್ಮಿನಲ್ಲಿ ಬೆರೆಸಿಟ್ಟರೆ ಬೆಳಿಗ್ಗೆ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಊರಿಗೆ ಹೋಗುವಾಗ ಪಕ್ಕದ ಮನೆ ಆಂಟಿ ನೋಡಿಕೊಳ್ಳುತ್ತಾರೆ. ದಿನದ ಆಹಾರವನ್ನು ಮಾತ್ರೆ ಡಬ್ಬಿಯಲ್ಲಿ ವಾರದ ಲೆಕ್ಕಕ್ಕೆ ತುಂಬಿಟ್ಟು, ಉಳಿದ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ಹೋಗುತ್ತೇನೆ. ಪ್ರೀತಿಯಿಂದ ಜಾಸ್ತಿ ಹಾಕಿದರೂ ನೀರು ಕೆಡುತ್ತದೆ. ನೀಲಿ ಕ್ಯಾನಿನ ನೀರನ್ನು ಟೇಪಿನ ಗುರುತಿನವರೆಗೆ ತುಂಬಿ, ಬೇರೆ ಏನನ್ನೂ ಮುಟ್ಟಬೇಡಿ, ಮೀನು ತಿನ್ನದೇ ಹೋದರೆ ರಾತ್ರಿಯಾದರೂ ಸರಿ ಫೋನ್ ಮಾಡಿ ಅಂತ ಚೀಟಿ ಬರೆದು ಗಾಜಿಗೆ ಅಂಟಿಸಿರುತ್ತೇನೆ.