ಕಲ್ಬತ್ತಿನಲ್ಲಿ ಕಂಡ ಹಳದಿ

ಮೈಸೂರಿನಲ್ಲಿ ಎಂ.ಫಾರ್ಮ್ ಓದುವಾಗ ಪ್ರಾಜೆಕ್ಟಿಗೆ ನಾನು ಮೊದಲು ಆರಿಸಿಕೊಂಡದ್ದು ನೋವಿನ ಔಷಧಿ ಐಬುಪ್ರೊಫೇನ್. ಲೆಕ್ಕ ಹಾಕಿದ ಮೇಲೆ ಕೈಬಿಟ್ಟೆ. ನೀರಿಗೆ ಒಗ್ಗದ ಔಷಧಿಯನ್ನು ಬೀಟಾ ಸೈಕ್ಲೊಡೆಕ್ಸ್ಟ್ರಿನ್ ಎಂಬ ಅಣುವಿನೊಳಗೆ ಕೂರಿಸಿ ಕರಗಿಸುವುದು ನನ್ನ ಕೆಲಸವಾಗಿತ್ತು. ಅಣುವಿಗೊಂದು ಅಣುವಿನಂತೆ ಕೂರಿಸಿದರೂ 400 ಮಿ.ಗ್ರಾಂ. ಐಬುಪ್ರೊಫೇನ್‌ಗೆ 2.2 ಗ್ರಾಂ ಸೈಕ್ಲೊಡೆಕ್ಸ್ಟ್ರಿನ್ ಬೇಕು. ಅಂಥ ಮಾತ್ರೆಯನ್ನು ಯಾರು ನುಂಗುತ್ತಾರೆ? ಕೀಲುನೋವಿನ ಪಿರಾಕ್ಸಿಕಾಮ್‌ನ ಪ್ರಮಾಣ ಬರೀ 20 ಮಿ.ಗ್ರಾಂ. ಅದನ್ನೇ ಹಿಡಿದೆ.

ಸೈಕ್ಲೊಡೆಕ್ಸ್ಟ್ರಿನ್ ಪಿಷ್ಟದಿಂದ ಬರುವ ವಸ್ತು. ಏಳು ಗ್ಲೂಕೋಸ್ ಕೈಕೈ ಹಿಡಿದು ನಿಂತ, ತಳವಿಲ್ಲದ ಲೋಟವೆನ್ನಬಹುದು. ಹೊರಮೈ ನೀರಿಗೆ ಒಲಿಯುತ್ತದೆ, ಒಳಗೋಡೆ ಅಷ್ಟಾಗಿ ಒಲಿಯದು. ನೀರಿಗೆ ಹೆದರುವ ಔಷಧಿ ಅಲ್ಲಿ ಹೋಗಿ ಅಡಗುತ್ತದೆ.

ಕಲ್ಬತ್ತಿನಲ್ಲಿ ಸೈಕ್ಲೊಡೆಕ್ಸ್ಟ್ರಿನ್‌ಗೆ ನೀರು, ಆಲ್ಕೋಹಾಲ್ ಹನಿಸಿ, ಔಷಧಿಯನ್ನು ಚೂರುಚೂರೇ ಸೇರಿಸುತ್ತಾ ಮುಕ್ಕಾಲು ಗಂಟೆ ಅರೆದೆ. ದ್ರವ ಕಡಿಮೆಯಾದರೆ ಉದುರುತ್ತದೆ, ಹೆಚ್ಚಾದರೆ ಅಂಬಲಿಯಾಗುತ್ತದೆ. ಮಂಡ್ಯದ ಮನೆಯಲ್ಲಿ ಅವ್ವನ ಪಕ್ಕ ನಿಂತು ಮುದ್ದೆ ತೊಳಸಿದ ಕೈಗೆ ಆ ಹದವನ್ನು ಹೇಳಿಕೊಡಬೇಕಿರಲಿಲ್ಲ.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಿಳಿ ಪುಡಿ ಹಳದಿಗೆ ತಿರುಗಿತು. ಔಷಧಿ ಲೋಟದೊಳಗೆ ಇಳಿದೇ ಬಿಟ್ಟಿತೆಂದು ಹಿಗ್ಗಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಸೈಕ್ಲೊಡೆಕ್ಸ್ಟ್ರಿನ್ ಹಾಕದೆ ಅರೆದು ನೋಡಿದೆಯಾ?" ಎಂದರು. ನೋಡಿರಲಿಲ್ಲ. ಬರೀ ಔಷಧಿಗೆ ಅದೇ ದ್ರವ ಹನಿಸಿ ಅರೆದೆ. ಅದೂ ಹಳದಿ! ಪಿರಾಕ್ಸಿಕಾಮ್ ನೀರನ್ನು ಕಟ್ಟಿಕೊಂಡು ಮಾನೊಹೈಡ್ರೇಟ್ ಆದರೂ ಅದೇ ಬಣ್ಣ. ಅಂದು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಎಲ್ಲವನ್ನೂ ಜೊತೆಜೊತೆಗೆ ಇಟ್ಟು ನೋಡಿದೆ: ಬರೀ ಔಷಧಿ, ಸುಮ್ಮನೆ ಬೆರೆಸಿದ್ದು, ಅರೆದದ್ದು. ಬಿಸಿ ಮಾಡುತ್ತಾ ಹೋದರೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಪಿರಾಕ್ಸಿಕಾಮ್ ಕರಗುವ ಚೂಪು ಗುರುತು ಡಿಎಸ್‌ಸಿ ಎಂಬ, ಬಿಸಿಯೇರುವಾಗ ವಸ್ತು ಹೀರುವ ಶಾಖ ಅಳೆಯುವ ಯಂತ್ರದ ನಕ್ಷೆಯಲ್ಲಿ ಮೂಡುತ್ತದೆ. ನನ್ನ ಹಳದಿ ಪುಡಿಯಲ್ಲೂ ಅದು ಕುಗ್ಗಿತ್ತೇ ಹೊರತು ಹೋಗಿರಲಿಲ್ಲ. ಅರ್ಧ ಔಷಧಿ ಹೊರಗೇ ಉಳಿದಿತ್ತೆಂದು ಅಂದಾಜಿಸಿ, ಸೈಕ್ಲೊಡೆಕ್ಸ್ಟ್ರಿನ್ ಹೆಚ್ಚಿಸಿ ಮತ್ತೆ ಅರೆದೆ. ಗುರುತು ಅಳಿಸಿತು. ಆದರೆ ಅರೆದು ಅರೆದು ಹರಳು ಮುರಿದರೂ ಅದು ಅಳಿಯಬಹುದು ಎಂದು ಅಷ್ಟರಲ್ಲಿ ಕಲಿತಿದ್ದೆ.

ಹಾಗಾಗಿ 1965ರ ಹಿಗುಚಿ–ಕಾನರ್ಸ್ ವಿಧಾನದಲ್ಲಿ, ಸಾಂದ್ರತೆ ಏರುತ್ತಾ ಹೋಗುವ ಸೈಕ್ಲೊಡೆಕ್ಸ್ಟ್ರಿನ್ ದ್ರಾವಣಗಳಿಗೆ ಔಷಧಿಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಹಾಕಿ 48 ಗಂಟೆ ಅಲುಗಾಡಿಸಿದೆ. ಭಾನುವಾರ ಕರೆಂಟು ಹೋಗಿ ಮೊದಲ ಸರದಿ ಹಾಳಾಯಿತು. ಎರಡನೆಯದರಲ್ಲಿ ಸೈಕ್ಲೊಡೆಕ್ಸ್ಟ್ರಿನ್ ಹೆಚ್ಚಿದಷ್ಟೂ ಕರಗಿದ ಔಷಧಿಯೂ ಹೆಚ್ಚಿ, ನಕ್ಷೆಯ ಚುಕ್ಕೆಗಳು ಒಂದೇ ಗೆರೆಯ ಮೇಲೆ ಏರಿದವು. ಈ ಸಲ ಫೋನ್ ಮಾಡುವ ಮೊದಲು ಖಾಲಿ ದ್ರಾವಣವನ್ನೂ ಇನ್ನೊಮ್ಮೆ ಅಳೆದೆ.